ಬಂಗಾರಮ್ಮನ ಸೌಟು, ಅಮ್ಮನ ಉಳಿ

ಸಾಂಬಾರು ತಟ್ಟೆಗೆ ಬೀಳಬೇಕಿತ್ತು. ಬಿದ್ದದ್ದು ಸುಚಿತ್ರಾಳ ಯೂನಿಫಾರ್ಮಿನ ಮೇಲೆ.

"ನೋಡು, ಮತ್ತೆ ಹೊರಳ್ತು" ಎಂದು ಬಂಗಾರಮ್ಮ ಸೌಟನ್ನೇ ದುರುಗುಟ್ಟಿ ನೋಡಿದರು. "ನನ್ನ ತಪ್ಪಲ್ಲ ಮಾರಾಯ್ತಿ. ಈ ಸೌಟಿಗೇ ಸೊಕ್ಕು."

ಹೊಸನಗರದ ಆ ಶಾಲೆಯಲ್ಲಿ ಬಿಸಿಯೂಟ ಮಾಡಿ ಬಡಿಸುವವರು ಬಂಗಾರಮ್ಮ. ಒಂದನೇ ಕ್ಲಾಸಿನಿಂದ ಏಳನೇ ಕ್ಲಾಸಿನವರೆಗೆ ಎಲ್ಲ ಮಕ್ಕಳ ಹೆಸರೂ ಅವರಿಗೆ ಗೊತ್ತು. ಯಾರಿಗೆ ಬದನೆಕಾಯಿ ಸೇರುವುದಿಲ್ಲ ಎನ್ನುವುದೂ ಗೊತ್ತು. ಇಷ್ಟು ವರ್ಷ ಅವರ ಕೈಯಿಂದ ಒಂದು ಹನಿ ಆಚೀಚೆ ಬಿದ್ದದ್ದಿಲ್ಲ. ಆದರೆ ಹೋದ ವಾರ ದೊಡ್ಡ ಸೌಟಿನ ಬಟ್ಟಲು ಹಿಡಿಯಿಂದ ಕಿತ್ತು ಬಂದಿತ್ತು. ಯಾರೋ ಪೇಟೆಗೆ ಒಯ್ದು ವೆಲ್ಡಿಂಗ್ ಮಾಡಿಸಿಕೊಂಡು ಬಂದರು. ಮಾಡಿದವನು ಬಟ್ಟಲನ್ನು ಹಿಡಿಯ ನೇರಕ್ಕೆ ಕೂರಿಸುವ ಬದಲು ಪಕ್ಕಕ್ಕೆ ಅಂಟಿಸಿಬಿಟ್ಟಿದ್ದ. ಅಂದಿನಿಂದ ತುಂಬಿದ ಕೂಡಲೇ ಸೌಟು ಕೈಯಲ್ಲಿ ಗಿರ್ರನೆ ತಿರುಗುತ್ತಿತ್ತು.

ಸುಚಿತ್ರಾ ನಲ್ಲಿಯ ಬಳಿ ಹೋಗಿ ಲಂಗ ಉಜ್ಜಿಕೊಂಡಳು. ಬಗ್ಗಿದಾಗ ಜಡೆ ಮುಖದ ಮೇಲೆ ಬಂತು. ಅದೂ ಅರ್ಧ ಬಿಚ್ಚಿಹೋಗಿತ್ತು.

"ಸಾಂಬಾರ್ ಲಂಗ, ಬಿಚ್ಚಿದ ಜಡೆ. ಇನ್ನೆಂತ ಬಾಕಿ?" ಎಂದ ತಟ್ಟೆ ತೊಳೆಯುತ್ತಿದ್ದ ಅರಿಹಂತ್. ಅವನು ಅವಳದೇ ಕ್ಲಾಸು, ಆರನೇ ಕ್ಲಾಸು.

"ನಿನ್ನ ಬಾಯಿ ಮುಚ್ಚೋದು ಬಾಕಿ" ಎಂದಳು ಸುಚಿತ್ರಾ.

ಹೇಳಿದ್ದು ಜೋರಾಗಿಯೇ. ಆದರೆ ಜಡೆಯ ವಿಷಯ ಬಂದಾಗ ಅವಳಿಗೆ ಒಳಗೊಳಗೇ ಏನೋ ಚುಚ್ಚುತ್ತಿತ್ತು. ಅಮ್ಮ ಜಡೆ ಹಾಕಿದರೆ ಕಣ್ಣು ಮೇಲಕ್ಕೆ ಎಳೆದ ಹಾಗಾಗುತ್ತಿತ್ತು, ಅಷ್ಟು ಬಿಗಿ. ಈಗ ಒಂದು ತಿಂಗಳಿಂದ ಬೆಳಿಗ್ಗೆ ಪ್ರೇಯರ್ ಮುಗಿಯುವಷ್ಟರಲ್ಲಿ ಸಡಿಲ. ಯಾಕಮ್ಮಾ ಎಂದು ಕೇಳಿದರೆ, ಕೈ ಸ್ವಲ್ಪ ಸೋತಿದೆ ಎಂದಿದ್ದಳು ಅಮ್ಮ.

ಕೈ ಸೋತದ್ದು ಎಲ್ಲಿ ಎನ್ನುವುದು ಸುಚಿತ್ರಾಳಿಗೆ ಗೊತ್ತಿತ್ತು.

ಅವರ ಮನೆಯ ಹಿಂದೆ ಒಂದು ಶೀಟಿನ ಶೆಡ್ಡು. ಅದರಲ್ಲಿ ಅಜ್ಜ ಕೆರಿಯಪ್ಪನ ಲೇತ್ ಮಷೀನು. ಮರದ ತುಂಡನ್ನು ಅದಕ್ಕೆ ಕಚ್ಚಿಸಿ ಸ್ವಿಚ್ ಹಾಕಿದರೆ ಮರ ಗಿರಗಿರನೆ ತಿರುಗುತ್ತದೆ. ಉಳಿ ಹಿಡಿದರೆ ಬೇಕಾದ ಆಕಾರ ಬರುತ್ತದೆ. ಅಜ್ಜ ಸಾಗರದಲ್ಲಿ ನಲವತ್ತು ವರ್ಷ ಇದೇ ಕೆಲಸ ಮಾಡಿದವರು. ಅಮ್ಮ ಚಿಕ್ಕವಳಿದ್ದಾಗ ಅವರಿಗೆ ಉಳಿ ಎತ್ತಿಕೊಡುತ್ತಾ, ಕೊಡುತ್ತಾ, ಒಂದು ದಿನ ಕೊಡದೆ ತಾನೇ ಹಿಡಿದುಕೊಂಡಳಂತೆ. ಈಗ ಅಜ್ಜ ಇಲ್ಲ. ಲಟ್ಟಣಿಗೆ, ಕಡೆಗೋಲು, ತೊಟ್ಟಿಲಿನ ಕಡ್ಡಿ, ಎಲ್ಲ ಅಮ್ಮನೇ ಮಾಡುತ್ತಾಳೆ.

ಈ ಸಲ ತೀರ್ಥಹಳ್ಳಿಯ ಒಂದು ಮದುವೆಮನೆಯವರು ನೂರು ಕುಂಕುಮದ ಭರಣಿ ಹೇಳಿದ್ದರು. ಹಲಸಿನ ಮರದ್ದು, ಹಳದಿ ಬಣ್ಣದ್ದು. ಭರಣಿಯ ಹೊರಮೈ ಸುಲಭ. ಕಷ್ಟ ಒಳಗಿನದು. ಬಾಯಿ ಎರಡು ಬೆರಳಷ್ಟೇ ಅಗಲ, ಹೊಟ್ಟೆ ದೊಡ್ಡದು. ಆ ಸಣ್ಣ ಬಾಯಿಯಿಂದ ಉಳಿ ತೂರಿಸಿ ಹೊಟ್ಟೆಯನ್ನೆಲ್ಲ ಕೆರೆದು ತೆಗೆಯಬೇಕು.

ಅಜ್ಜನ ಹಳೆಯ ಉಳಿಯನ್ನು ಎರಡು ಭರಣಿಗೊಮ್ಮೆ ಸಾಣೆ ಹಿಡಿಯಬೇಕಿತ್ತು. ಅದಕ್ಕೇ ಬಸ್ ಡ್ರೈವರ್ ಆಗಿದ್ದ ಅಪ್ಪ ಶಿವಮೊಗ್ಗದಿಂದ ಕಾರ್ಬೈಡ್ ಎಂಬ ಗಟ್ಟಿ ಲೋಹದ ಉಳಿ ತಂದುಕೊಟ್ಟಿದ್ದರು. ಅದರ ತುದಿಯಲ್ಲಿ ಅಂಗಿಯ ಗುಂಡಿಯಷ್ಟು ದೊಡ್ಡ ಬಿಲ್ಲೆ, ಸ್ಕ್ರೂ ಹಾಕಿ ಕೂರಿಸಿದ್ದು. ಒಂದು ಕಡೆ ಮೊಂಡಾದರೆ ಸ್ಕ್ರೂ ಸಡಿಲಿಸಿ ಬಿಲ್ಲೆಯನ್ನು ಚೂರು ತಿರುಗಿಸಿದರಾಯಿತು, ಸಾಣೆಯೇ ಬೇಡ. ಭರಣಿಯ ಹೊಟ್ಟೆಗೆ ಮುಟ್ಟಲಿ ಎಂದು ಉಳಿಯ ಕುತ್ತಿಗೆ ಕೊಕ್ಕೆಯ ಹಾಗೆ ಪಕ್ಕಕ್ಕೆ ಬಾಗಿತ್ತು. ಎರಡು ದಿನ ಅಮ್ಮ ಹಾಡು ಗುನುಗುತ್ತಾ ಕೆಲಸ ಮಾಡಿದಳು.

ಮೂರನೇ ದಿನ ಕೈ ಸೋಲತೊಡಗಿತು, ಹಾಡು ನಿಂತಿತು. ಬಿಲ್ಲೆ ಮರಕ್ಕೆ ತಾಗಿದ ಕೂಡಲೇ ಉಳಿಯ ಹಿಡಿ ಅಮ್ಮನ ಮುಷ್ಟಿಯಲ್ಲಿ ಹೊರಳುತ್ತಿತ್ತು. ಹೊರಳದ ಹಾಗೆ ಅವಳು ಶಕ್ತಿಯೆಲ್ಲ ಹಾಕಿ ಹಿಡಿಯುತ್ತಿದ್ದಳು. ನಲವತ್ತು ಭರಣಿ ಮುಗಿಯುವಷ್ಟರಲ್ಲಿ ಮಣಿಕಟ್ಟು ಊದಿತು.

ಲಂಗಕ್ಕೆ ಸಾಂಬಾರು ಬಿದ್ದ ದಿನ ಸಂಜೆ ಸುಚಿತ್ರಾ ಶೆಡ್ಡಿಗೆ ಬಂದು ತನ್ನ ಜಾಗದಲ್ಲಿ ಕೂತಳು. ಅವಳ ಜಾಗ ಎಂದರೆ ಮೋಟರಿನ ಹಿಂದೆ, ಗೋಡೆಗೆ ಒತ್ತಿಕೊಂಡು ಬೋರಲು ಹಾಕಿದ ಹಣ್ಣಿನ ಕ್ರೇಟು. ಅಮ್ಮ ಭರಣಿಯ ಬಾಯಿಗೆ ಎದುರಾಗಿ ನಿಂತು ಕೆಲಸ ಮಾಡುವಾಗ ಇಲ್ಲಿಂದ ಅವಳ ಮುಖ ನೇರ ಕಾಣುತ್ತದೆ. ಮುಖಕ್ಕೆ ಹಾಕಿಕೊಂಡ ಪ್ಲಾಸ್ಟಿಕ್ ಪರದೆಯ ಹಿಂದೆ ಅಮ್ಮನ ನಾಲಿಗೆಯ ತುದಿ ಹಲ್ಲಿನ ನಡುವೆ ಇದ್ದರೆ ಕೆಲಸ ಚೆನ್ನಾಗಿ ನಡೆಯುತ್ತಿದೆ ಎಂದು ಅರ್ಥ. ಹುಬ್ಬು ಗಂಟು ಹಾಕಿದ್ದರೆ ಇಲ್ಲ.

ಅಂದು ಬರೀ ಹುಬ್ಬಿನ ಗಂಟು. ಸ್ವಲ್ಪ ಹೊತ್ತಿಗೆ ಅಮ್ಮ ಮಷೀನು ನಿಲ್ಲಿಸಿ ಫೋನ್ ಮಾಡಿದಳು. ಆ ಕಡೆ ಇದ್ದವನು ಸಾಗರದ ವಿಘ್ನೇಶ್ವರ. ಅಜ್ಜನ ಬಳಿ ಕೆಲಸ ಕಲಿತು ಈಗ ಸ್ವಂತ ಅಂಗಡಿ ಇಟ್ಟವನು. ಭರಣಿ ಹೆಂಗಸರ ಕೈಗೆ ಆಗುವ ಕೆಲಸ ಅಲ್ಲ ಎಂದು ಸಿಕ್ಕಾಗೆಲ್ಲ ನಗುತ್ತಾ ಹೇಳುವವನು. ಲೇತ್ ಕೊಡುವುದಾದರೆ ತನಗೇ ಕೊಡಬೇಕು ಎಂದು ಅವನು ಎಷ್ಟೋ ಸಲ ಕೇಳಿದ್ದ.

"ಭಾನುವಾರ ಬಾ ವಿಘ್ನೇಶ. ನೋಡ್ಕೊಂಡು ತಗೊಂಡು ಹೋಗು" ಎಂದಳು ಅಮ್ಮ.

ಫೋನ್ ಇಟ್ಟ ಮೇಲೆ ಅವಳು ಲೇತಿನ ಮೇಲಿದ್ದ ಹೊಟ್ಟನ್ನು ಒರೆಸಿದಳು. ಒರೆಸಿದ ಜಾಗವನ್ನೇ ಮತ್ತೊಮ್ಮೆ ಒರೆಸಿದಳು.

ಮರುದಿನ ಬುಧವಾರ. ಊಟದ ಸಾಲಿನಲ್ಲಿ ಸುಚಿತ್ರಾ ಎರಡು ಹೆಜ್ಜೆ ಹಿಂದೆ ಸರಿದು ನಿಂತು ತಟ್ಟೆ ಮುಂದೆ ಚಾಚಿದಳು. ಸಾಂಬಾರು ಸರಿಯಾಗಿ ಅನ್ನದ ನಡುವೆ ಬಿತ್ತು.

"ಯಾಕೆ ಅಷ್ಟು ದೂರ? ನಾನೇನು ಕಚ್ತೀನಾ?" ಎಂದರು ಬಂಗಾರಮ್ಮ. ಮುಖದಲ್ಲಿ ಗೆದ್ದ ನಗು.

ಸೌಟು ಹೊಸದಲ್ಲ, ಅದೇ ಹಳೆಯದು. ಆದರೆ ಹಿಡಿ ಸೊಟ್ಟಗಾಗಿತ್ತು. ಬೆಳಿಗ್ಗೆ ಸಿಟ್ಟು ಬಂದು ಹಿಡಿಯನ್ನು ಕಿಟಕಿಯ ಸರಳಿನ ನಡುವೆ ತೂರಿಸಿ, ಅದುಮಿ ಬಗ್ಗಿಸಿದೆ ಎಂದು ಬಂಗಾರಮ್ಮ ಹೇಳಿದರು. ಬಟ್ಟಲಿಗಿಂತ ಸ್ವಲ್ಪ ಹಿಂದೆ ಹಿಡಿ ಒಂದು ಕಡೆಗೆ ಬಾಗಿ, ಮತ್ತೆ ತಿರುಗಿ ಬಂದು ಬಟ್ಟಲನ್ನು ಸೇರುತ್ತಿತ್ತು. ನೋಡಿದರೆ ಮುರಿದ ಸೌಟಿನ ಹಾಗಿತ್ತು. ಕೆಲಸ ಮಾತ್ರ ಚೆನ್ನಾಗಿ ಮಾಡುತ್ತಿತ್ತು.

ಊಟ ಮುಗಿದ ಮೇಲೆ ಸುಚಿತ್ರಾ ಅಡುಗೆಮನೆಗೆ ಹೋಗಿ ಸೌಟು ಕೇಳಿದಳು. ಅದರಲ್ಲಿ ನೀರು ತುಂಬಿ ಎತ್ತಿದಳು. ಹೊರಳಲಿಲ್ಲ. ಎರಡೇ ಬೆರಳಲ್ಲಿ ಹಿಡಿದಳು. ಆಗಲೂ ಹೊರಳಲಿಲ್ಲ. ಹಿಡಿಯ ಮೇಲೆ ಕಣ್ಣಿಟ್ಟು ಉದ್ದಕ್ಕೂ ನೋಡಿದಳು, ಸ್ಕೇಲು ನೇರ ಇದೆಯಾ ಎಂದು ನೋಡುವ ಹಾಗೆ. ಹಿಡಿ ಎಲ್ಲೆಲ್ಲೋ ಸುತ್ತಿ ಬಂದಿತ್ತು ನಿಜ, ಆದರೆ ಬಟ್ಟಲಿನ ಮಧ್ಯ ಅವಳ ಮುಷ್ಟಿಯ ನೇರಕ್ಕೇ ಇತ್ತು. ಭಾರ ನೇರಕ್ಕೆ ಬಂದಿತ್ತು. ಪಕ್ಕಕ್ಕೆ ಜೋತು ಬಿದ್ದಿರಲಿಲ್ಲ.

ಅಮ್ಮನ ಉಳಿಯ ಬಿಲ್ಲೆ ಪಕ್ಕಕ್ಕಿತ್ತು.

ಸುಚಿತ್ರಾ ಸೌಟನ್ನು ಪಾತ್ರೆಯಲ್ಲಿ ಇಟ್ಟು ಓಡಿದಳು. ಥ್ಯಾಂಕ್ಸ್ ಹೇಳಲು ಮರೆತು ವಾಪಸ್ ಬಂದು, ಹೇಳಿ, ಮತ್ತೆ ಓಡಿದಳು. ಆ ಹುಡುಗಿಗೆ ಎಂತಾಯ್ತು ಎಂದು ಬಂಗಾರಮ್ಮ ಅರಿಹಂತನನ್ನು ಕೇಳುತ್ತಿದ್ದದ್ದು ಹಿಂದಿನಿಂದ ಕೇಳಿಸಿತು.

ಗಣಿತದ ಪೀರಿಯಡ್ಡಿನಲ್ಲಿ ನೋಟ್ ಬುಕ್ಕಿನ ಕೊನೆಯ ಹಾಳೆಯಲ್ಲಿ ಅವಳು ಒಂದು ಉಳಿ ಬರೆದಳು. ಮೊದಲು ಸ್ಕೇಲಿಟ್ಟು ಒಂದು ನೇರ ಗೆರೆ. ಆ ಗೆರೆಯ ಮೇಲೆ ಹಿಡಿ. ಆಮೇಲೆ ಕುತ್ತಿಗೆ ಗೆರೆ ಬಿಟ್ಟು ಒಂದು ಕಡೆಗೆ ಉಬ್ಬಿ, ಮತ್ತೆ ಬಾಗಿ ಬಂದು, ಕೊನೆಗೆ ಬಿಲ್ಲೆ ಸರಿಯಾಗಿ ಅದೇ ಗೆರೆಯ ಮೇಲೆ.

ಸಂಜೆ ಅಮ್ಮ ಆ ಚಿತ್ರವನ್ನು ತುಂಬ ಹೊತ್ತು ನೋಡಿದಳು. ಇದನ್ನು ಯಾರು ಹೇಳಿಕೊಟ್ಟರು ಎಂದು ಕೇಳಿದಳು. ಬಂಗಾರಮ್ಮನ ಸೌಟು ಎಂದಳು ಸುಚಿತ್ರಾ. ಅಮ್ಮ ನಗುತ್ತಾಳೆ ಎಂದುಕೊಂಡಿದ್ದಳು. ಅಮ್ಮ ನಗಲಿಲ್ಲ. ಪೆನ್ಸಿಲ್ ಇಸಕೊಂಡು ಕುತ್ತಿಗೆಯನ್ನು ಇನ್ನಷ್ಟು ದಪ್ಪ ಮಾಡಿದಳು. ಲೇತಿನ ಆಸರೆಪಟ್ಟಿಯ ಮೇಲೆ ಉಳಿಯನ್ನು ಊರುವ ಜಾಗದಲ್ಲಿ ಕಬ್ಬಿಣ ದುಂಡಗಿರದೆ ಚಪ್ಪಟೆ ಇರಲಿ, ಆಗ ಅದು ಕೂತಲ್ಲೇ ಕೂರುತ್ತದೆ ಎಂದು ಬದಿಗೆ ಬರೆದಳು. ಆಮೇಲೆ ಡಬ್ಬಿಯಿಂದ ಮಿಕ್ಕಿದ್ದ ಒಂದೇ ಒಂದು ಹೊಸ ಬಿಲ್ಲೆ ತೆಗೆದು, ಕಾಗದದಲ್ಲಿ ಮಡಚಿ ಕೊಟ್ಟಳು.

"ನಾಳೆ ಸ್ಕೂಲಿಂದ ಬರ್ತಾ ಮುಕುಂದಯ್ಯನೋರಿಗೆ ಕೊಡು. ಬಿಲ್ಲೆ ಬೀಳಿಸ್ಬೇಡ."

ಮುಕುಂದಯ್ಯನ ಕಬ್ಬಿಣದ ಅಂಗಡಿ ಸಾಗರ ರಸ್ತೆಯಲ್ಲಿತ್ತು. ಕತ್ತಿ, ಗುದ್ದಲಿಯಿಂದ ಹಿಡಿದು ಗೇಟಿನವರೆಗೆ ಎಲ್ಲ ಮಾಡುವ ಅಜ್ಜ. ಅವರು ಚಿತ್ರವನ್ನು ಕಣ್ಣಿಗೆ ಹತ್ತಿರ ಹಿಡಿದರು.

"ಇದೆಂತದು? ಹಾವು ಕಪ್ಪೆ ನುಂಗಿದ ಹಾಗಿದೆ."

"ಉಳಿ ಅಜ್ಜಾ" ಎಂದು ಸುಚಿತ್ರಾ ಸೌಟಿನ ಕತೆಯನ್ನೆಲ್ಲ ಹೇಳಿದಳು. ಮುಕುಂದಯ್ಯ ತಲೆಯಾಡಿಸುತ್ತಾ ಕೇಳಿದರು. ಆಮೇಲೆ ಒಂದು ಪ್ರಶ್ನೆ ಕೇಳಿದರು. ಚಿತ್ರದಲ್ಲಿ ಉಳಿಯ ಮೇಲ್ಭಾಗ ಯಾವುದು, ಅಡಿ ಯಾವುದು ಎಂದು ತಿಳಿಯುವುದಿಲ್ಲ. ಬಿಲ್ಲೆಯನ್ನು ಮೇಲೆ ಮಾಡಿ ಹಿಡಿದರೆ ಅದರ ಮೊನೆ ಯಾವ ಕಡೆಯ ಮರ ಕೆರೆಯಬೇಕು?

"ಎಡಕ್ಕಾ, ಬಲಕ್ಕಾ?"

ಸುಚಿತ್ರಾ ಕಣ್ಣು ಮುಚ್ಚಿದಳು. ಶೆಡ್ಡು ಕಂಡಿತು. ಅಮ್ಮನ ಮುಖ, ಅಮ್ಮನ ಕೈ, ತಿರುಗುವ ಮರ, ಅದರೊಳಗೆ ಹೋಗುವ ಉಳಿ. ಕೊಕ್ಕೆ ತನ್ನ ಊಟದ ಕೈಯ ಕಡೆಗಿತ್ತು.

"ಬಲಕ್ಕೆ" ಎಂದಳು.

ಶುಕ್ರವಾರ ಸಂಜೆ ಉಳಿ ಬಂತು. ಕಪ್ಪಗೆ, ಗಟ್ಟಿಯಾಗಿ, ಕತ್ತು ಬಳುಕಿಸಿಕೊಂಡು. ಅಮ್ಮ ಅದನ್ನು ಕೈಯಲ್ಲಿ ತೂಗಿ ನೋಡಿ, ಪರದೆ ಇಳಿಸಿ, ಸ್ವಿಚ್ ಹಾಕಿದಳು. ಸುಚಿತ್ರಾ ಕ್ರೇಟಿನ ಮೇಲೆ ಕೂತಳು.

ಟಕ್ ಎಂದಿತು. ಉಳಿ ಮೇಲಕ್ಕೆ ಹಾರಿತು. ಅಮ್ಮ ಕೂಡಲೇ ಹಿಂದೆ ಎಳೆದುಕೊಂಡು ಮಷೀನು ನಿಲ್ಲಿಸಿದಳು.

ಉಳಿ ಹಿಡಿದವರ ಎಡಗಡೆಯಲ್ಲಿ ಮರ ಮೇಲಿನಿಂದ ಕೆಳಗೆ ತಿರುಗುತ್ತದೆ, ಬಿಲ್ಲೆಯನ್ನು ಒತ್ತಿ ಕೂರಿಸುತ್ತದೆ. ಬಲಗಡೆಯಲ್ಲಿ ಕೆಳಗಿನಿಂದ ಮೇಲೆ ಬರುತ್ತದೆ, ಉಳಿಯನ್ನೇ ಎತ್ತಿ ಒಗೆಯುತ್ತದೆ. ಹೊಸ ಉಳಿಯ ಬಿಲ್ಲೆಯ ಮೊನೆ ಬಲಕ್ಕಿತ್ತು.

ಅಮ್ಮ ಮುಕುಂದಯ್ಯನಿಗೆ ಫೋನ್ ಮಾಡಿದಳು. ಕೈಗೆ ನೋವೆಂದು ಸ್ಪೀಕರಿನಲ್ಲಿ ಇಟ್ಟಿದ್ದಳು. ನಮಗೆ ಎಡಕ್ಕೆ ಬೇಕಿತ್ತು, ಬಲಕ್ಕೆ ಮಾಡಿದ್ದೀರಿ ಎಂದಳು. ಸುಚಿತ್ರಾ ಫೋನಿನ ಹತ್ತಿರ ಸರಿದಳು.

"ಹೌದಾ ಭವ್ಯಮ್ಮಾ?" ಎಂದರು ಮುಕುಂದಯ್ಯ. "ಹಂಗಾದ್ರೆ ನಂದೇ ತಪ್ಪು. ವಯಸ್ಸಾಯ್ತಲ್ಲ, ಎಡ ಬಲ ಗೊತ್ತಾಗಲ್ಲ."

ಬೇರೆ ಮಾಡಿಕೊಡುತ್ತೇನೆ, ಆದರೆ ಆ ಕಬ್ಬಿಣ ಬರುವುದು ಮುಂದಿನ ವಾರ ಎಂದೂ ಹೇಳಿದರು. ಅಮ್ಮ ಇರಲಿ ಬಿಡಿ ಎಂದಳು. ಮುಂದಿನ ವಾರ ಬರುವುದಕ್ಕೆ ಮೊದಲು ಭಾನುವಾರ ಬರುತ್ತದಲ್ಲ.

ರಾತ್ರಿ ಊಟಕ್ಕೆ ಕೂತಾಗ ಅಪ್ಪ ಇನ್ನೂ ಬಸ್ಸಿನಲ್ಲೇ ಇದ್ದರು. ಸುಚಿತ್ರಾ ಅನ್ನ ಕಲಸಿದಳು. ಇನ್ನೊಮ್ಮೆ ಕಲಸಿದಳು. ಮೂರನೇ ಸಲ ಕಲಸುವಾಗ ಅಮ್ಮ, ಅದೇನು ಸಿಮೆಂಟಾ ಎಂದಳು.

"ಬಲ ಅಂತ ಹೇಳಿದ್ದು ನಾನು" ಎಂದಳು ಸುಚಿತ್ರಾ, ತಟ್ಟೆ ನೋಡುತ್ತಾ. "ಮುಕುಂದಜ್ಜ ಕೇಳಿದ್ರು. ನಾನೇ ಹೇಳಿದ್ದು."

ಅಮ್ಮ ಬೈಯಲಿಲ್ಲ. ಯಾಕೆ ಹಾಗೆ ಹೇಳಿದೆ ಎಂದು ಕೇಳಿದಳು.

"ನಾನು ನೋಡಿದಾಗೆಲ್ಲ ಬಲಕ್ಕೇ ಇರ್ತಿತ್ತಲ್ಲ ಅಮ್ಮಾ. ದಿನಾ ನೋಡ್ತೀನಲ್ಲ."

ಅಮ್ಮ ತುತ್ತು ಕೈಯಲ್ಲೇ ಹಿಡಿದು ಅವಳನ್ನೇ ನೋಡಿದಳು. ಆಮೇಲೆ ನಗತೊಡಗಿದಳು. ಎಷ್ಟೋ ದಿನದಿಂದ ಅಮ್ಮ ಹಾಗೆ ನಕ್ಕಿರಲಿಲ್ಲ. ಊಟ ಮುಗಿಸಿ, ಕೈ ತೊಳೆದು, ಸುಚಿತ್ರಾಳ ಭುಜ ಹಿಡಿದು ಶೆಡ್ಡಿಗೆ ಕರೆದುಕೊಂಡು ಹೋದಳು. ಮೋಟರಿನ ಹಿಂದಿನ ಕ್ರೇಟು ತೋರಿಸಿದಳು. ಆಮೇಲೆ ತಾನು ನಿಲ್ಲುವ ಜಾಗದಲ್ಲಿ ಅವಳನ್ನು ನಿಲ್ಲಿಸಿ, ಹಿಂದಿನಿಂದ ಅವಳ ಎರಡೂ ಕೈಗೆ ಹಳೆಯ ಕಾರ್ಬೈಡ್ ಉಳಿ ಹಿಡಿಸಿದಳು. ಮಷೀನು ಬಂದ್ ಇತ್ತು.

ಕೊಕ್ಕೆ ಎಡಕ್ಕೆ ಹೋಗಿತ್ತು.

ಸುಚಿತ್ರಾ ಎಷ್ಟು ದಿನದಿಂದ ಈ ಶೆಡ್ಡಿಗೆ ಬರುತ್ತಿದ್ದಳು. ಆದರೂ ಇಲ್ಲಿ ಒಂದು ದಿನವೂ ನಿಂತಿರಲಿಲ್ಲ. ಇಲ್ಲಿಂದ ಭರಣಿಯ ಬಾಯಿ ಒಂದು ಕಪ್ಪು ತೂತು, ಅಷ್ಟೇ. ಉಳಿಯ ತುದಿ ಅದರೊಳಗೆ ಹೋದ ಮೇಲೆ ಮಾಯ.

"ಒಳಗೆ ಎಂತಾಗ್ತಿದೆ ಅಂತ ಹೇಗೆ ಕಾಣ್ತದೆ ಅಮ್ಮಾ?"

"ಕಾಣಲ್ಲ" ಎಂದಳು ಅಮ್ಮ. "ಕೈಗೆ ಗೊತ್ತಾಗ್ತದೆ. ಎಲ್ಲಿ ದಪ್ಪ ಇದೆ, ಎಲ್ಲಿ ತೆಳು ಆಯ್ತು ಅಂತ. ಉಳಿ ಹೊರಳೋಕೆ ಶುರುವಾದ್ರೆ ಅದನ್ನ ಹಿಡಿಯೋದೇ ಕೆಲಸ. ಮತ್ತೆಂತದೂ ಗೊತ್ತಾಗಲ್ಲ. ಕಣ್ಣು ಕಟ್ಟಿದ ಹಾಗಾಗ್ತದೆ."

ಸುಚಿತ್ರಾ ಅಮ್ಮನ ಊದಿದ ಮಣಿಕಟ್ಟನ್ನು ನೋಡಿದಳು. ಈವರೆಗೆ ಅದು ನೋಯುತ್ತದೆ ಎಂದಷ್ಟೇ ಅವಳಿಗೆ ಗೊತ್ತಿತ್ತು.

ಹಳೆಯ ಉಳಿ ಇಟ್ಟು ಅವಳು ಹೊಸ ಉಳಿ ಎತ್ತಿಕೊಂಡಳು. ಬಿಲ್ಲೆಯ ಮೊನೆ ಬಲಕ್ಕೆ. ಸುಮ್ಮನೆ ಅದನ್ನು ಕೈಯಲ್ಲೇ ಬೋರಲು ಮಾಡಿದಳು. ಮೊನೆ ಎಡಕ್ಕೆ ಬಂತು.

"ದೋಸೆ ಹಾಗೆ ಮಗುಚಿ ಹಾಕಿದ್ರೆ?"

ಆಗ ಬಿಲ್ಲೆ ಅಡಿಗೆ ಹೋಗುತ್ತದಲ್ಲ ಎಂದಳು ಅಮ್ಮ. ಬಿಲ್ಲೆಯನ್ನು ಬಿಚ್ಚಿ ಈ ಕಡೆ ಕೂರಿಸಿದರೆ ಎಂದಳು ಸುಚಿತ್ರಾ. ಅಮ್ಮ ಉಳಿಯನ್ನು ಇಸಕೊಂಡು ಬೆಳಕಿಗೆ ಹಿಡಿದಳು. ಸ್ಕ್ರೂವಿನ ತೂತು ಆಚೆಯಿಂದ ಈಚೆಗೆ ಹಾದುಹೋಗಿತ್ತು. ಕಬ್ಬಿಣ ದಪ್ಪಗಿತ್ತು. ಬಿಲ್ಲೆ ಕೂರುವಷ್ಟು ಗೂಡು ಈ ಕಡೆಗೂ ಕೊರೆದರೆ ಆಯಿತು.

ಶನಿವಾರ ಸ್ಕೂಲು ಬಿಟ್ಟ ಕೂಡಲೇ ಸುಚಿತ್ರಾ ಮುಕುಂದಯ್ಯನ ಅಂಗಡಿಯಲ್ಲಿದ್ದಳು. ಅವರು ಉಳಿಯನ್ನು ಮಗುಚಿ ನೋಡಿ, ಹ್ಞೂಂ ಎಂದು, ಗೂಡು ಕೊರೆಯಲು ಕೂತರು.

"ಅಜ್ಜಾ, ಬಲ ಅಂದಿದ್ದು ನಾನು" ಎಂದಳು ಸುಚಿತ್ರಾ.

"ಹೌದಾ? ನಂಗೆ ಮರೆತೇಹೋಗಿತ್ತು ಮಾರಾಯ್ತಿ" ಎಂದರು ಮುಕುಂದಯ್ಯ, ತಲೆ ಎತ್ತದೆ. "ಆ ಅರ ಕೊಡು ಇಲ್ಲಿ."

ಭಾನುವಾರ ಹನ್ನೊಂದು ಗಂಟೆಗೆ ವಿಘ್ನೇಶ್ವರ ಪಿಕಪ್ ಗಾಡಿಯಲ್ಲಿ ಬಂದ. ಲೇತ್ ಕಟ್ಟಲು ಹಗ್ಗ ತಂದಿದ್ದ, ಸುತ್ತಲು ಗೋಣಿಚೀಲ ತಂದಿದ್ದ. ಶೆಡ್ಡಿನ ಬಾಗಿಲಲ್ಲಿ ನಿಂತು ಭವ್ಯಕ್ಕಾ ಎಂದು ಕರೆದ. ಮಷೀನಿನ ಸದ್ದಿನಲ್ಲಿ ಅಮ್ಮನಿಗೆ ಕೇಳಿಸಲಿಲ್ಲ.

ಸುಚಿತ್ರಾಳಿಗೆ ಕೇಳಿಸಿತು. ಅವಳು ಏಳಲಿಲ್ಲ. ಅವಳು ಅಮ್ಮನ ಬೆರಳು ನೋಡುತ್ತಿದ್ದಳು. ಮೊನ್ನೆಯವರೆಗೆ ಬೆರಳಿನ ಗಂಟುಗಳು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿಯುತ್ತಿದ್ದ ಕೈ ಈಗ ಪೆನ್ಸಿಲ್ ಹಿಡಿದ ಹಾಗೆ ಹಗುರವಾಗಿತ್ತು. ಹಲಸಿನ ಹೊಟ್ಟು ಹಳದಿಯಾಗಿ ಹಾರುತ್ತಿತ್ತು. ಪರದೆಯ ಹಿಂದೆ ಅಮ್ಮನ ನಾಲಿಗೆಯ ತುದಿ ಹಲ್ಲಿನ ನಡುವೆ ಇತ್ತು.

ಭರಣಿ ಮುಗಿಯಿತು. ಅಮ್ಮ ತಲೆ ಎತ್ತಿದಾಗ ವಿಘ್ನೇಶ್ವರ ಪಕ್ಕದಲ್ಲೇ ಬಂದು ನಿಂತಿದ್ದ. ಅವನ ಕಣ್ಣು ಲೇತಿನ ಮೇಲಿರಲಿಲ್ಲ, ಉಳಿಯ ಮೇಲಿತ್ತು. ಒಮ್ಮೆ ಕೊಡಿ ಎಂದು ಇಸಕೊಂಡು, ಇನ್ನೊಂದು ಭರಣಿಗೆ ತಾನೇ ಹಿಡಿದು ನೋಡಿದ. ಅರ್ಧ ಭರಣಿಗೆ ಮಷೀನು ನಿಲ್ಲಿಸಿ ಉಳಿಯನ್ನು ತಿರುಗಿಸಿ ತಿರುಗಿಸಿ ನೋಡಿದ.

"ಹಿಡಿದದ್ದೇ ಗೊತ್ತಾಗಲ್ಲವಲ್ಲ ಭವ್ಯಕ್ಕ. ಎಲ್ಲಿ ಸಿಕ್ತು?"

"ಸ್ಕೂಲಿನ ಅಡುಗೆಮನೆಯಲ್ಲಿ" ಎಂದಳು ಅಮ್ಮ.

ಲೇತ್ ಈಗ ಕೊಡುವುದಿಲ್ಲ, ಸುಮ್ಮನೆ ಓಡಾಟ ಮಾಡಿಸಿದೆ ಎಂದು ಅಮ್ಮ ಹೇಳಿದಳು. ವಿಘ್ನೇಶ್ವರ ಖಾಲಿ ಪಿಕಪ್ಪಿನ ಕಡೆ ನೋಡಿ ತಲೆ ಕೆರೆದುಕೊಂಡ. ಹೆಂಗಸರ ಕೈ ಎನ್ನುವ ಮಾತು ಅವತ್ತು ಬರಲಿಲ್ಲ. ಶೆಡ್ಡಿನಲ್ಲೇ ಕಾಫಿ ಕುಡಿಯುತ್ತಾ, ಅಂಥದ್ದೊಂದು ತನಗೂ ಬೇಕು, ಚಿತ್ರ ಬರೆದುಕೊಡು ಎಂದು ಸುಚಿತ್ರಾಳನ್ನು ಕೇಳಿದ. ಅವಳು ನೋಟ್ ಬುಕ್ಕಿನ ಇನ್ನೊಂದು ಹಾಳೆ ಹರಿದು ಬರೆದಳು.

"ಇದು ಎಡಕ್ಕಾ, ಬಲಕ್ಕಾ?" ಎಂದ ವಿಘ್ನೇಶ್ವರ.

ಸುಚಿತ್ರಾ ಎದ್ದು ಲೇತನ್ನು ಸುತ್ತಿಕೊಂಡು ಬಂದು, ಅಮ್ಮನ ಪಕ್ಕ, ಅಮ್ಮ ನೋಡುವ ಕಡೆಗೇ ಮುಖ ಮಾಡಿ ನಿಂತಳು.

"ಎಡಕ್ಕೆ."

ಅಂದು ಬೆಳಿಗ್ಗೆ ಅಮ್ಮ ಹಾಕಿದ್ದ ಜಡೆ ಇನ್ನೂ ಸಡಿಲವೇ ಇತ್ತು. ಊತ ಒಂದೇ ದಿನಕ್ಕೆ ಇಳಿಯುವುದಿಲ್ಲ. ಗಾಡಿ ಹೋದ ಮೇಲೆ ಸುಚಿತ್ರಾ ಬಿಚ್ಚಿದ ಜಡೆಯನ್ನು ತಾನೇ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಕೊಂಡಳು. ಆಮೇಲೆ ಮೋಟರಿನ ಹಿಂದಿದ್ದ ಹಣ್ಣಿನ ಕ್ರೇಟನ್ನು ದರದರನೆ ಎಳೆದುಕೊಂಡು ಬಂದು ಅಮ್ಮನ ಈಚೆಗೆ, ಒಂದು ಹೆಜ್ಜೆ ಹಿಂದೆ ಹಾಕಿದಳು. ಅಮ್ಮ ಕಣ್ಣಿಗೆ ಕನ್ನಡಕ ಹಾಕಿಕೋ ಎಂದು ಸನ್ನೆ ಮಾಡಿ ಸ್ವಿಚ್ ಹಾಕಿದಳು.

ಮರ ತಿರುಗತೊಡಗಿತು. ಅಲ್ಲಿಂದ ಅಮ್ಮನ ಹುಬ್ಬು ಕಾಣುತ್ತಿರಲಿಲ್ಲ, ನಾಲಿಗೆಯ ತುದಿ ಕಾಣುತ್ತಿರಲಿಲ್ಲ, ಮುಖವೇ ಕಾಣುತ್ತಿರಲಿಲ್ಲ. ಅಮ್ಮ ದಿನವೂ ನೋಡುತ್ತಿದ್ದ ಆ ಸಣ್ಣ ಕಪ್ಪು ತೂತು ಕಾಣುತ್ತಿತ್ತು.